ಮಡಿಲು ತುಂಬಿದ ನಡುಗಡ್ಡೆ

ದಕ್ಷಿಣ ಚೀನಾದ ಮಹಾನಗರ ಗ್ವಾಂಗ್‌ಝೌ. ಹಿಂದಿನ ಪಾಠಪುಸ್ತಕಗಳಲ್ಲಿ ಕ್ಯಾಂಟನ್ ಎಂದು ಓದಿದ್ದೆವಲ್ಲ, ಅದೇ ಊರು. ಅದರ ಮಗ್ಗುಲಲ್ಲಿ ಹರಿಯುವ ಹೊಳೆಗೆ ಚೀನೀಯರು ಝೂಜಿಯಾಂಗ್ ಎನ್ನುತ್ತಾರೆ. ಮುತ್ತಿನ ನದಿ ಎಂಬುದು ಅದರ ಅರ್ಥ. ಈ ನದಿಯ ಉತ್ತರ ದಂಡೆಗೆ ಆತುಕೊಂಡಂತೆ, ನಡುವೆ ಒಂದು ಕಿರುಗಾಲುವೆ ಮಾತ್ರ ಅಡ್ಡವಾಗಿ, ಸುಮಾರು 900 ಮೀಟರು ಉದ್ದದ, 300 ಮೀಟರು ಅಗಲದ ಒಂದು ನಡುಗಡ್ಡೆಯಿದೆ. ಶಾಮಿಯನ್ ಎಂಬುದು ಅದರ ನಾಮಧೇಯ. 'ಮರಳಿನ ಮೈ' ಎಂದು ಆ ಶಬ್ದವನ್ನು ಕನ್ನಡಿಸಬಹುದು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗಲು ಕಾಲು ಗಂಟೆ ಸಾಕು. ಇಷ್ಟು ಚಿಕ್ಕ ನೆಲದ ಮೇಲೆ ಹೊಸ ತಾಯ್ತಂದೆಯರ ತೋಳಿನಲ್ಲಿ ಕೆಲವು ದಿನ ತಂಗಿದ್ದು, ಇಲ್ಲಿಂದಲೇ ಕಡಲಾಚೆಯ ದೇಶಕ್ಕೆ ಹೊರಟುಹೋದ ಹಸುಳೆಗಳ ಸಂಖ್ಯೆ ಹತ್ತಾರು ಸಾವಿರ. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂಬ ಇಚ್ಛೆ ನಮ್ಮಲ್ಲಿ ಬಹುದಿನಗಳಿಂದ ಇತ್ತು.

ಈ ನಡುಗಡ್ಡೆಯ ಪೂರ್ವವೃತ್ತಾಂತ ಅಷ್ಟೇನೂ ಮಂಗಳಕರವಲ್ಲ. ಎರಡನೆಯ ಅಫೀಮು ಯುದ್ಧದಲ್ಲಿ ಚೀನಾ ಸೋತಾಗ, ಆಂಗ್ಲರೂ ಫ್ರೆಂಚರೂ ಸೇರಿ ಈ ಮರಳುದಿಬ್ಬವನ್ನು ತಮ್ಮದಾಗಿಸಿಕೊಂಡರು. ಕಾಲುವೆ ತೋಡಿಸಿ ಊರಿನಿಂದ ಬೇರ್ಪಡಿಸಿದರು, ಕಲ್ಲಿನ ಕಟ್ಟೆ ಕಟ್ಟಿಸಿದರು. 1861ರಲ್ಲಿ ಹಂಚಿಕೆಯಾಯಿತು: ಐದರಲ್ಲಿ ನಾಲ್ಕು ಪಾಲು ಆಂಗ್ಲರಿಗೆ, ಒಂದು ಪಾಲು ಫ್ರೆಂಚರಿಗೆ. ಬ್ಯಾಂಕುಗಳು, ವ್ಯಾಪಾರಿ ಕೋಠಿಗಳು, ಎರಡು ಚರ್ಚುಗಳು ಎದ್ದು ನಿಂತವು. 1925ರ ಜೂನ್ 23ರಂದು ಕಾಲುವೆಯ ಆಚೆ ದಡದ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ಚೀನೀಯರ ಮೇಲೆ ಈ ದಡದಿಂದ ಗುಂಡು ಹಾರಿತು; ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಪರಕೀಯರ ಆಳ್ವಿಕೆಯನ್ನು ಕಂಡ ನಾಡಿನವರಾದ ನಮಗೆ ಇಂಥ ಕಥೆಯನ್ನು ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ.

2018ರ ನವೆಂಬರ್ ತಿಂಗಳಿನಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ದಾವಣಗೆರೆಯ ಕಡೆಯ ಸದ್ಭಕ್ತ ಕುಟುಂಬವೊಂದು ನೆಲಹಾಸಿನ ಟೈಲ್ಸ್ ವ್ಯಾಪಾರದ ನಿಮಿತ್ತ ಗ್ವಾಂಗ್‌ಝೌದಲ್ಲಿ ನೆಲೆಸಿದೆ. ಪಕ್ಕದ ಫೋಷಾನ್ ಪಟ್ಟಣ ಟೈಲ್ಸ್ ತಯಾರಿಕೆಗೆ ಹೆಸರಾದದ್ದು. ಅವರ ಮನೆಯ ಕಿರಿಯ ಮಗನ ಲಿಂಗದೀಕ್ಷೆಗೆ ನಮ್ಮನ್ನು ಬಹಳ ಅಕ್ಕರೆಯಿಂದ ಕರೆಸಿಕೊಂಡಿದ್ದರು. ಕಾರ್ಯ ಮುಗಿದ ಮರುದಿನ ಆ ತಾಯಿ, "ಗುರುಗಳೇ, ಇಲ್ಲಿ ಗದ್ದಲ ಇಲ್ಲದ ಜಾಗ ಅಂದ್ರೆ ಒಂದೇ ಐತಿ, ಶಾಮಿಯನ್. ಮರಗಳು ಭಾಳ ಚಲೋ ಅದಾವು, ಬರ್ರಿ" ಎಂದು ಕರೆದುಕೊಂಡು ಹೋದರು.

ಮರಗಳ ವಿಷಯದಲ್ಲಿ ಆ ತಾಯಿಯ ಮಾತು ಸಂಪೂರ್ಣ ಸತ್ಯ. ಆಲದ ಕುಲಕ್ಕೆ ಸೇರಿದ ಮುದಿ ವೃಕ್ಷಗಳು ಬಿಳಲು ಇಳಿಬಿಟ್ಟುಕೊಂಡು ಬೀದಿಯುದ್ದಕ್ಕೂ ನಿಂತಿವೆ. ನಡುನಡುವೆ ಕರ್ಪೂರದ ಮರಗಳು. ಎಲೆ ಹೊಸಕಿ ಮೂಸಿದರೆ ಮಂಗಳಾರತಿಯ ನೆನಪಾಗುತ್ತದೆ. ವಾಹನಗಳ ಓಡಾಟ ಅತಿ ವಿರಳ. ಹಳೆಯ ಯೂರೋಪಿನ ಮಾದರಿಯ ಕಂಬಸಾಲಿನ ಕಟ್ಟಡಗಳಿಗೆ ಸುಣ್ಣ ಬಣ್ಣ ಹಚ್ಚಿ ಇಟ್ಟಿದ್ದಾರೆ. ಮುದುಕರು ನಿಧಾನವಾಗಿ ಕೈಕಾಲು ಬೀಸಿ ವ್ಯಾಯಾಮ ಮಾಡುತ್ತಿದ್ದರು. ಹೊಸದಾಗಿ ಮದುವೆಯಾಗುವ ಜೋಡಿಗಳು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ದ್ವೀಪದ ದಕ್ಷಿಣದ ಅಂಚಿನಲ್ಲಿ, ನದಿಗೆ ಮುಖ ಮಾಡಿ, ಬಿಳಿಯ ಬಣ್ಣದ ಒಂದು ಎತ್ತರದ ಹೋಟೆಲಿದೆ. ವೈಟ್ ಸ್ವಾನ್, ಅಂದರೆ ಶ್ವೇತಹಂಸ. 1983ರಲ್ಲಿ ಆರಂಭವಾದದ್ದು. ಚೀನಾ ಹೊರದೇಶದವರಿಗೆ ಬಾಗಿಲು ತೆರೆದ ಹೊಸತರಲ್ಲಿ ಹಾಂಗ್‌ಕಾಂಗ್‌ನ ವರ್ತಕರ ಬಂಡವಾಳದಿಂದ ಎದ್ದ ಕಟ್ಟಡವಿದು. ಒಳಗಿನ ವಿಶಾಲ ಅಂಗಳದಲ್ಲಿ ಕೃತಕ ಬೆಟ್ಟ, ಅದರಿಂದ ಧುಮುಕುವ ನೀರು. ಆ ನೀರಿಗೆ 'ತಾಯ್ನಾಡಿನ ಜಲ' ಎಂಬರ್ಥದ ಅಕ್ಷರಗಳನ್ನು ಬಂಡೆಯ ಮೇಲೆ ಕೆತ್ತಿದ್ದಾರೆ. ಪರದೇಶಗಳಲ್ಲಿ ನೆಲೆಸಿ ಊರಿಗೆ ಮರಳುವ ಚೀನೀಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟ ಹೆಸರು. ತಾಯ್ನಾಡನ್ನು ಬಿಟ್ಟು ಹೊರಡುವ ಹಸುಗೂಸುಗಳೇ ಆ ನೀರಿನ ಮುಂದೆ ಇಷ್ಟೊಂದು ಸಂಖ್ಯೆಯಲ್ಲಿ ಬಂದು ಕೂರುತ್ತವೆಂದು ಕೆತ್ತಿದವರು ಎಣಿಸಿರಲಾರರು.

ಕೂಸುಗಳು ಇಲ್ಲಿಗೇ ಏಕೆ ಬಂದವು? ಕಾರಣ ಸರಳವಾದದ್ದು. ಅಮೆರಿಕದ ದೂತಾವಾಸವು ಈ ಹೋಟೆಲಿನ ಪಕ್ಕದಲ್ಲೇ ಇತ್ತು. ಚೀನಾದ ಯಾವ ಪ್ರಾಂತದಿಂದ ಮಗುವನ್ನು ದತ್ತು ಪಡೆದರೂ, ಆ ಮಗುವಿಗೆ ಅಮೆರಿಕ ಪ್ರವೇಶದ ವೀಸಾ ಕೊಡುತ್ತಿದ್ದ ಕಛೇರಿ ಇಡೀ ದೇಶಕ್ಕೆ ಗ್ವಾಂಗ್‌ಝೌದಲ್ಲಿ ಮಾತ್ರ. ಉತ್ತರದ ಹಿಮಪ್ರದೇಶದ ಮಗುವಾದರೂ ಸರಿ, ಪಶ್ಚಿಮದ ಬೆಟ್ಟಗಳ ಮಗುವಾದರೂ ಸರಿ, ಇಲ್ಲಿಗೆ ಬಂದೇ ಹೋಗಬೇಕಿತ್ತು. ಮಕ್ಕಳ ವೈದ್ಯಕೀಯ ತಪಾಸಣೆಯ ಚಿಕಿತ್ಸಾಲಯವೂ ಇದೇ ದ್ವೀಪದಲ್ಲಿತ್ತು. ವೀಸಾ ವಿಭಾಗ ಮುಂದೆ ನಗರದ ಬೇರೊಂದು ಭಾಗಕ್ಕೆ ಹೋಯಿತು. 2013ರಲ್ಲಿ ದೂತಾವಾಸವೇ ಹೊಸ ಬಡಾವಣೆಗೆ ಸ್ಥಳಾಂತರಗೊಂಡಿತು. ಆದರೂ ದತ್ತು ಪಡೆದ ಅಮೆರಿಕನ್ನರು ರೂಢಿಯ ಬಲದಿಂದ ಬಹುಕಾಲ ಇಲ್ಲಿಯೇ ಇಳಿದುಕೊಳ್ಳುತ್ತಿದ್ದರಂತೆ. ಬಾರ್ಬಿ ಬೊಂಬೆ ತಯಾರಿಸುವ ಮ್ಯಾಟೆಲ್ ಸಂಸ್ಥೆ ಈ ಹೋಟೆಲಿನಲ್ಲಿ ಇಳಿದ ದತ್ತು ಕುಟುಂಬಗಳಿಗೆಂದೇ ಒಂದು ಬೊಂಬೆ ಮಾಡಿಸಿತ್ತು. ಹೊಂಬಣ್ಣದ ಕೂದಲಿನ ಬಿಳಿಯ ಹೆಂಗಸಿನ ಕಂಕುಳಲ್ಲಿ ಕಪ್ಪು ಕೂದಲಿನ ಚೀನೀ ಕೂಸು. ಅಂಗಡಿಯಲ್ಲಿ ಮಾರುವಂಥದ್ದಲ್ಲ, ಉಡುಗೊರೆಯಾಗಿ ಕೊಡುತ್ತಿದ್ದರು. ಅದನ್ನು ನೋಡಿ ನಗಬೇಕೋ ಮರುಗಬೇಕೋ ಎಂಬುದು ನೋಡುವವರ ಮನೋಧರ್ಮಕ್ಕೆ ಬಿಟ್ಟ ವಿಚಾರ.

ಇಷ್ಟೊಂದು ಮಕ್ಕಳು, ಅದರಲ್ಲಿಯೂ ಬಹುಪಾಲು ಹೆಣ್ಣುಮಕ್ಕಳು, ಅನಾಥಾಲಯಗಳನ್ನು ಸೇರಿದ್ದರ ಹಿನ್ನೆಲೆಯನ್ನು ಇಲ್ಲಿ ಹೇಳಲೇಬೇಕು. 1980ರ ಸೆಪ್ಟೆಂಬರ್ 25ರಂದು ಚೀನಾದ ಕಮ್ಯೂನಿಸ್ಟ್ ಪಕ್ಷವು ತನ್ನ ಸದಸ್ಯರಿಗೆ ಬಹಿರಂಗ ಪತ್ರ ಬರೆದು, ದಂಪತಿಗಳಿಗೆ ಒಂದೇ ಮಗು ಸಾಕೆಂದು ವಿಧಿಸಿತು. ಹಳ್ಳಿಗಳಲ್ಲಿ ವಿರೋಧ ಬಲವಾದಾಗ, ಮೊದಲನೆಯದು ಹೆಣ್ಣಾದರೆ ಇನ್ನೊಂದು ಮಗುವಿಗೆ ಹಲವು ಪ್ರಾಂತಗಳಲ್ಲಿ ಅವಕಾಶ ಕೊಡಲಾಯಿತು. ಈ ರಿಯಾಯಿತಿಯೇ ಎರಡನೆಯ ಹೆಣ್ಣುಮಗುವಿಗೆ ಮುಳುವಾಯಿತು. ಚೀನಾದ ಹಳ್ಳಿಯಲ್ಲಿ ಮಗಳು ಮದುವೆಯಾಗಿ ಗಂಡನ ಮನೆಗೆ ಸೇರಿದವಳು. ಮುಪ್ಪಿನಲ್ಲಿ ಅನ್ನ ಹಾಕಬೇಕಾದವನು ಮಗ. ಆಗ ಹಳ್ಳಿಗರಿಗೆ ಪಿಂಚಣಿಯೂ ಇರಲಿಲ್ಲ. ಮಿತಿ ಮೀರಿ ಹೆತ್ತರೆ ಹಲವು ವರ್ಷದ ದುಡಿಮೆಯನ್ನು ನುಂಗುವಂಥ ದಂಡ. ಕೆಲವು ಕಡೆ ಮನೆಯ ಸಾಮಾನುಗಳನ್ನೇ ಹೊತ್ತೊಯ್ಯುತ್ತಿದ್ದರು. ಗಂಡಿಗಾಗಿ ಕೊನೆಯ ಅವಕಾಶವನ್ನು ಉಳಿಸಿಕೊಳ್ಳಬೇಕಾದರೆ ಹುಟ್ಟಿದ ಹೆಣ್ಣು ಲೆಕ್ಕಕ್ಕೆ ಬರಬಾರದು. ಹೆಣ್ಣು ಕೂಸಿನ ಹುಟ್ಟನ್ನು ಕೇಳಿ ಮುಖ ಸಣ್ಣ ಮಾಡಿಕೊಳ್ಳುವ ಮನೆಗಳು ನಮ್ಮ ನಾಡಿನಲ್ಲೂ ಇವೆಯಾದ್ದರಿಂದ, ಇದು ವಾಚಕರಿಗೆ ತೀರ ಅಪರಿಚಿತವಾದ ಲೋಕವೇನಲ್ಲ.

ಆದರೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 'ಚೀನೀಯರಿಗೆ ಹೆಣ್ಣುಮಕ್ಕಳು ಬೇಡ' ಎಂದು ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಕೇ ಆನ್ ಜಾನ್ಸನ್ ಎಂಬ ಅಮೆರಿಕದ ವಿದುಷಿ ಚೀನೀ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆ ಅಧ್ಯಯನ ನಡೆಸಿ, ಅಲ್ಲಿನ ಸಂಸಾರಗಳಿಗೆ ಮಗನೂ ಬೇಕು, ಮಗಳೂ ಬೇಕು ಎಂಬ ಆಸೆಯಿತ್ತೆಂದೂ, ಬಿಟ್ಟ ಕೂಸುಗಳನ್ನು ಅಕ್ಕಪಕ್ಕದ ಹಳ್ಳಿಗರೇ ಗುಟ್ಟಾಗಿ ಸಾಕಿಕೊಂಡದ್ದು ಬಹಳವೆಂದೂ ತೋರಿಸಿದ್ದಾರೆ. ಅದಕ್ಕೂ ಕಾನೂನು ಅಡ್ಡ ಬಂತು. 1992ರ ಏಪ್ರಿಲ್ 1ರಂದು ಜಾರಿಗೆ ಬಂದ ದತ್ತು ಕಾಯಿದೆಯ ಪ್ರಕಾರ ದತ್ತು ಪಡೆಯುವವರಿಗೆ 35 ವರ್ಷ ತುಂಬಿರಬೇಕು, ಸ್ವಂತ ಮಕ್ಕಳಿರಬಾರದು. ನೆರೆಮನೆಯವರಿಗೆ ಮಗುವನ್ನು ಕೊಟ್ಟು ಮಿತಿಯಿಂದ ತಪ್ಪಿಸಿಕೊಂಡಾರು ಎಂಬುದು ಸರಕಾರದ ಶಂಕೆ. ಹೀಗೆ ಊರವರಿಗೆ ಕಿರಿದಾದ ಬಾಗಿಲು ಅದೇ ಕಾಯಿದೆಯಿಂದ ಪರದೇಶದವರಿಗೆ ಹಿರಿದಾಗಿ ತೆರೆಯಿತು. 1999ರಲ್ಲಿ ಆ ವಯಸ್ಸನ್ನು 30ಕ್ಕೆ ಇಳಿಸಿದರು.

ಇನ್ನು ನಾವು ಕಂಡ ಕುಟುಂಬದ ವಿಷಯ. ಮುದ್ರೆ ಕೆತ್ತುವ ಒಂದು ಅಂಗಡಿಯ ಮುಂದೆ ಅಮೆರಿಕದ ದಂಪತಿಗಳು, ಜೊತೆಯಲ್ಲಿ 14 ವರ್ಷದ ಮಗಳು ನಿಂತಿದ್ದರು. ನಮ್ಮ ಕಾವಿಯ ಶಾಲನ್ನೂ ಹಣೆಯ ವಿಭೂತಿಯನ್ನೂ ಕಂಡು ಆ ಹುಡುಗಿಯೇ ಮೊದಲು ಮಾತನಾಡಿಸಿದಳು. ತಂದೆ ಶಾಲಾ ಶಿಕ್ಷಕ, ತಾಯಿ ಆಸ್ಪತ್ರೆಯಲ್ಲಿ ದಾದಿ, ಮಿನೆಸೋಟಾ ರಾಜ್ಯದವರು. ಅವರ ಹೆಸರುಗಳನ್ನಾಗಲಿ, ಹುಡುಗಿ ಇದ್ದ ಅನಾಥಾಲಯದ ಹೆಸರನ್ನಾಗಲಿ ಇಲ್ಲಿ ಬರೆಯುವುದು ಉಚಿತವಲ್ಲ. ಮಗಳಿಗೆ ಹುಟ್ಟಿದ ನಾಡನ್ನು ತೋರಿಸಲು ಬಂದಿದ್ದರು. ನದಿಯ ಕಟ್ಟೆಯ ಮೇಲೆ ಕುಳಿತು ಎರಡು ಗಂಟೆಗೂ ಮೀರಿ ಅವರು ನಮ್ಮೊಡನೆ ಮಾತನಾಡಿದರು. ಆ ದಾವಣಗೆರೆಯ ತಾಯಿ ಡಬ್ಬಿಯಲ್ಲಿ ತಂದಿದ್ದ ಚಕ್ಕುಲಿಯನ್ನು ಹುಡುಗಿ ಬಹಳ ಮೆಚ್ಚಿ ತಿಂದಳು.

ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. 2003ರಲ್ಲಿ ಅರ್ಜಿ ಹಾಕಿದರು. ಅನಂತರದ ಕಾಗದಪತ್ರಗಳ ಕಥೆ ಒಂದು ಪುರಾಣ. ಜನನ ಪತ್ರ, ವಿವಾಹ ಪತ್ರ, ಆದಾಯದ ಪತ್ರ, ವೈದ್ಯರ ಪತ್ರ, ಪೋಲೀಸರ ಪತ್ರ. ಸಮಾಜ ಕಾರ್ಯಕರ್ತೆಯೊಬ್ಬಳು ಮನೆಗೆ ಹಲವು ಸಲ ಬಂದು, ಅಡಿಗೆಮನೆಯಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ವಿಚಾರಿಸಿ ಬರೆದ ವರದಿ. ಒಂದೊಂದಕ್ಕೂ ನೋಟರಿಯ ಮುದ್ರೆ, ರಾಜ್ಯದ ಮುದ್ರೆ, ಚೀನಾ ದೂತಾವಾಸದ ಮುದ್ರೆ. ಇಡೀ ಕಟ್ಟು ಬೀಜಿಂಗಿನ ದತ್ತು ಕೇಂದ್ರಕ್ಕೆ ಹೋಗುತ್ತಿತ್ತು. ಯಾವ ದಂಪತಿಗೆ ಯಾವ ಮಗು ಎಂಬುದನ್ನು ಅಲ್ಲಿನ ಅಧಿಕಾರಿಗಳೇ ನಿಶ್ಚಯಿಸುತ್ತಿದ್ದರು, ಆರಿಸಿಕೊಳ್ಳುವ ಪದ್ಧತಿಯಿರಲಿಲ್ಲ. 2005ರ ಆರಂಭದಲ್ಲಿ ಒಂದು ಲಕೋಟೆ ಬಂತು. ಅದರೊಳಗೆ ಬೆರಳಗಲದ ಒಂದು ಭಾವಚಿತ್ರ, ತೂಕ ಮತ್ತು ಎತ್ತರ ನಮೂದಿಸಿದ ಒಂದು ಹಾಳೆ, ಮಗು ಸಿಕ್ಕ ಸ್ಥಳದ ವಿವರ: ಹುನಾನ್ ಪ್ರಾಂತದ ಒಂದು ಸಂತೆಯ ಬಾಗಿಲು, ಬೆಳಗಿನ ಜಾವ. ಆ ಚಿತ್ರವನ್ನು ತಂದೆ ಇಂದಿಗೂ ಹಣದ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ತೆಗೆದು ನಮಗೆ ತೋರಿಸಿದರು. ಅಂಚುಗಳು ಸವೆದಿದ್ದವು.

ಏಪ್ರಿಲಿನಲ್ಲಿ ಹತ್ತು ದಂಪತಿಗಳ ಒಂದು ಗುಂಪು ಹುನಾನಿನ ರಾಜಧಾನಿ ಚಾಂಗ್ಶಾಕ್ಕೆ ಬಂದಿಳಿಯಿತು. ಅನಾಥಾಲಯಕ್ಕೆ ಕಾಣಿಕೆಯೆಂದು ಪ್ರತಿಯೊಬ್ಬರೂ 3,000 ಡಾಲರು ತರಬೇಕು, ನೋಟುಗಳು ಮಡಿಕೆಯಿಲ್ಲದ ಹೊಸ ನೋಟುಗಳಾಗಿರಬೇಕು. ಆ ಹಣವನ್ನು ಸೊಂಟದ ಚೀಲದಲ್ಲಿ ಕಟ್ಟಿಕೊಂಡೇ ಬಂದರಂತೆ. ಮಧ್ಯಾಹ್ನ ಮೂರು ಗಂಟೆಗೆ ಒಂದು ಸಭಾಂಗಣದಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಆಯಾಗಳು ಹತ್ತು ಕೂಸುಗಳನ್ನೆತ್ತಿಕೊಂಡು ಒಳಗೆ ಬಂದರು. ಹೆಸರು ಕರೆದರು, ಮಗುವನ್ನು ಕೈಗೆ ಕೊಟ್ಟರು, ಮುಂದಿನ ಹೆಸರು ಕರೆದರು. ಆ ಹತ್ತೂ ಮಕ್ಕಳಿಗೆ ಒಂದೇ ಮನೆತನದ ಹೆಸರು, ಅನಾಥಾಲಯದವರು ಇಟ್ಟದ್ದು. ಮಗುವಿಗೆ ಹತ್ತು ತಿಂಗಳು. ಮೈಮೇಲೆ ನಾಲ್ಕು ಪದರ ಬಟ್ಟೆ. ಆಯಾ ಬಾಗಿಲು ದಾಟಿ ಮರೆಯಾದ ಗಳಿಗೆಯಿಂದ ಅದು ಅಳಲಾರಂಭಿಸಿದ್ದು, ದನಿ ಬಿದ್ದುಹೋಗುವ ತನಕ ಅತ್ತು, ಮುಷ್ಟಿ ಬಿಗಿಹಿಡಿದೇ ನಿದ್ದೆ ಹೋಯಿತಂತೆ.

"ನನ್ನ ಜೀವಮಾನದ ಪರಮ ಸುಖದ ದಿನ ಅದು. ನನ್ನ ಮಗಳಿಗೆ ತಿಳಿದಿದ್ದ ಲೋಕವೆಲ್ಲ ಕೈಬಿಟ್ಟುಹೋದ ದಿನವೂ ಅದೇ" ಎಂದು ಆಕೆ ಹೇಳುವಾಗ ಮಗಳು ನದಿಯ ದೋಣಿಗಳನ್ನು ನೋಡುತ್ತಿದ್ದಳು.

ಮರುದಿನ ಸರಕಾರಿ ಕಛೇರಿ. ಈ ಮಗುವನ್ನು ಎಂದಿಗೂ ತ್ಯಜಿಸುವುದಿಲ್ಲ, ಹಿಂಸಿಸುವುದಿಲ್ಲ ಎಂದು ದಂಪತಿಗಳು ಪ್ರಮಾಣ ಮಾಡಿ ಕೆಂಪು ಮಸಿಯ ಹೆಬ್ಬೆಟ್ಟು ಒತ್ತಬೇಕು. ಮಗುವಿನ ಅಂಗಾಲಿನ ಗುರುತನ್ನೂ ಅದೇ ಮಸಿಯಿಂದ ತೆಗೆದುಕೊಂಡರು. ಚೀನಾದ ಪಾಸ್‌ಪೋರ್ಟು ಕೈಸೇರಲು ಒಂದು ವಾರ. ಅಷ್ಟರಲ್ಲಿ ಮಗು ಗಂಜಿ ಕುಡಿಯಿತು, ತಂದೆಯ ಕನ್ನಡಕವನ್ನು ಕಿತ್ತು ಎಸೆಯಿತು, ಒಂದು ದಿನ ನಕ್ಕಿತು. ಬೀದಿಗೆ ಕರೆದೊಯ್ದರೆ ಚೀನೀ ಅಜ್ಜಿಯರು ತಡೆದು ನಿಲ್ಲಿಸಿ, ಮಗುವಿಗೆ ಬಟ್ಟೆ ಸಾಲದೆಂದು ಗದರಿಸಿ, ಕಾಲುಚೀಲ ಎಳೆದು ಸರಿಪಡಿಸಿ, 'ಪುಣ್ಯವಂತ ಕೂಸು' ಎಂದು ಹರಸಿ ಹೋಗುತ್ತಿದ್ದರಂತೆ. ಅಜ್ಜಿಯರು ಎಲ್ಲ ದೇಶಗಳಲ್ಲೂ ಒಂದೇ ಸಂಸ್ಥೆಗೆ ಸೇರಿದವರು ಎಂದು ನಮಗನಿಸಿತು.

ಅಲ್ಲಿಂದ ವಿಮಾನದಲ್ಲಿ ಗ್ವಾಂಗ್‌ಝೌ, ಶಾಮಿಯನ್. ಐದು ದಿನಗಳ ವಾಸ. ಚಿಕಿತ್ಸಾಲಯದಲ್ಲಿ ತೂಕ ನೋಡಿದರು, ಕಿವಿ ಮೂಗು ಗಂಟಲು ನೋಡಿದರು. ದೂತಾವಾಸದ ಅಧಿಕಾರಿಯ ಮುಂದೆ ಬಲಗೈ ಎತ್ತಿ, ಕಾಗದಗಳಲ್ಲಿ ಬರೆದುದೆಲ್ಲ ಸತ್ಯವೆಂದು ಪ್ರಮಾಣ ಮಾಡಿದರು. ಮುಚ್ಚಿ ಮುದ್ರೆಯೊತ್ತಿದ ಒಂದು ದೊಡ್ಡ ಲಕೋಟೆಯನ್ನು ಕೊಟ್ಟು, ಇದನ್ನು ಒಡೆಯಬಾರದು, ಅಮೆರಿಕದ ನೆಲ ಮುಟ್ಟಿದೊಡನೆ ಅಲ್ಲಿನ ಅಧಿಕಾರಿಗೆ ಒಪ್ಪಿಸಬೇಕು ಎಂದು ಹೇಳಿದರು. 2001ರ ಫೆಬ್ರವರಿಯಿಂದ ಜಾರಿಯಲ್ಲಿರುವ ಒಂದು ಕಾಯಿದೆಯ ಪ್ರಕಾರ, ಇಂಥ ಮಗು ಪ್ರವೇಶದ ಮುದ್ರೆ ಬಿದ್ದ ಗಳಿಗೆಯಲ್ಲಿಯೇ ಆ ದೇಶದ ಪ್ರಜೆಯಾಗುತ್ತದೆ. ಹೋಟೆಲಿನ ಉಪಾಹಾರದ ಹೊತ್ತಿಗೆ ನೂರಾರು ಎತ್ತರದ ಕುರ್ಚಿಗಳಲ್ಲಿ ನೂರಾರು ಕಪ್ಪು ತಲೆಗಳು, ಅವುಗಳ ಬಾಯಿಗೆ ಗಂಜಿ ಇಡುವ ಬಿಳಿಯ ಕೈಗಳು. ಅಂಗಡಿಗಳವರು ತಳ್ಳುಗಾಡಿಗಳನ್ನು ಬಿಟ್ಟಿಯಾಗಿ ಎರವಲು ಕೊಡುತ್ತಿದ್ದರು. ಹಿಂತಿರುಗಿಸಲು ಬಂದವರು ಏನಾದರೂ ಕೊಳ್ಳದೆ ಹೋಗುವುದಿಲ್ಲವೆಂಬ ವ್ಯಾಪಾರದ ಮರ್ಮ ಅವರಿಗೆ ಗೊತ್ತಿತ್ತು. ಹೊರಡುವ ಮುನ್ನ ಗುಂಪಿನ ಹತ್ತೂ ಕೂಸುಗಳಿಗೆ ರೇಷ್ಮೆಯ ಅಂಗಿ ತೊಡಿಸಿ, ಹೋಟೆಲಿನ ಕೆಂಪು ಸೋಫಾದ ಮೇಲೆ ಸಾಲಾಗಿ ಕೂರಿಸಿ ಚಿತ್ರ ತೆಗೆದರು. ಇದು ಎಲ್ಲ ಗುಂಪುಗಳೂ ಪಾಲಿಸುತ್ತಿದ್ದ ಸಂಪ್ರದಾಯ. ಒಂದು ಅಳುತ್ತಿದೆ, ಒಂದು ಪಕ್ಕದವಳ ಕಿವಿ ಹಿಡಿದಿದೆ, ಒಂದು ಜಾರಿ ಬೀಳುವಂತಿದೆ.

ಅದೇ 2005ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋದ ದತ್ತುಮಕ್ಕಳು ಸುಮಾರು 7,900. ಇಷ್ಟು ದೊಡ್ಡ ಸಂಖ್ಯೆ ಬೇರೆ ಯಾವ ವರ್ಷವೂ ಇರಲಿಲ್ಲ. ಆ ವರ್ಷವೇ ನವೆಂಬರಿನಲ್ಲಿ ಹುನಾನಿನ ಹೆಂಗ್ಯಾಂಗ್ ಪ್ರದೇಶದಿಂದ ಒಂದು ಸುದ್ದಿ ಹೊರಬಿತ್ತು. ಅಲ್ಲಿನ ಕೆಲವು ಅನಾಥಾಲಯಗಳು ದಲ್ಲಾಳಿಗಳಿಂದ ಕೂಸುಗಳನ್ನು ದುಡ್ಡು ಕೊಟ್ಟು ಕೊಂಡು, 'ಬೀದಿಯಲ್ಲಿ ಸಿಕ್ಕಿದವು' ಎಂದು ದಾಖಲೆ ಸೃಷ್ಟಿಸಿ ದತ್ತು ನೀಡಿದ್ದವು. ಗ್ವಾಂಗ್‌ಡಾಂಗ್ ಪ್ರಾಂತದಿಂದ ಕೂಸುಗಳು ರೈಲಿನಲ್ಲಿ ಬರುತ್ತಿದ್ದವು. 2006ರಲ್ಲಿ ನ್ಯಾಯಾಲಯ ತಪ್ಪಿತಸ್ಥರನ್ನು ಸೆರೆಮನೆಗೆ ಕಳುಹಿಸಿತು. ಮಡಿಕೆಯಿಲ್ಲದ ಆ 3,000 ಡಾಲರುಗಳು ಏನೇನು ಮಾಡಿಸಬಲ್ಲವು ಎಂಬುದು ಆಗ ಬಯಲಾಯಿತು. 2011ರಲ್ಲಿ ಚೀನಾದ ಕೈಶಿನ್ ಪತ್ರಿಕೆ ಇನ್ನೂ ಘೋರವಾದುದನ್ನು ಪ್ರಕಟಿಸಿತು. ಅದೇ ಹುನಾನಿನ ಶಾಓಯಾಂಗ್ ಸೀಮೆಯಲ್ಲಿ ಕುಟುಂಬ ಯೋಜನೆಯ ಅಧಿಕಾರಿಗಳೇ ದಂಡ ಕಟ್ಟಲಾರದ ಬಡವರ ಮನೆಗಳಿಂದ ಮಕ್ಕಳನ್ನು ಎತ್ತಿಕೊಂಡು ಹೋಗಿ ಅನಾಥಾಲಯಕ್ಕೆ ಸೇರಿಸಿದ್ದರು. ಕೆಲವು ಮಕ್ಕಳು ಪರದೇಶ ಸೇರಿದ್ದವು. ಬಾರ್ಬರಾ ಡೆಮಿಕ್ ಎಂಬ ಅಮೆರಿಕದ ಪತ್ರಕರ್ತೆ ಅಂಥ ಒಂದು ಅವಳಿ ಜೋಡಿಯ ವೃತ್ತಾಂತವನ್ನು 2025ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದಾರೆ. ಒಬ್ಬಳು ಹುನಾನಿನ ಹಳ್ಳಿಯಲ್ಲಿ ಹೆತ್ತವರ ಬಳಿ ಬೆಳೆದಳು. 2002ರಲ್ಲಿ ಬಲವಂತವಾಗಿ ಒಯ್ಯಲ್ಪಟ್ಟ ಇನ್ನೊಬ್ಬಳು ಟೆಕ್ಸಾಸಿನಲ್ಲಿ ಬೆಳೆದಳು. ಸಾಕಿದವರಿಗೆ ಇದಾವುದರ ಸುಳಿವೂ ಇರಲಿಲ್ಲ. 2019ರಲ್ಲಿ ಅಕ್ಕತಂಗಿಯರು ಎದುರುಬದುರಾದರು. ಮಾತನಾಡಲು ಇಬ್ಬರಿಗೂ ಒಂದು ಸಮಾನ ಭಾಷೆ ಇರಲಿಲ್ಲ.

ನಮ್ಮೆದುರು ಕುಳಿತಿದ್ದ ಶಿಕ್ಷಕರು 2005ರ ಆ ಪತ್ರಿಕಾ ತುಣುಕನ್ನು ಇಂದಿಗೂ ಜೋಪಾನವಾಗಿಟ್ಟಿದ್ದಾರೆ. ತಮ್ಮ ಮಗಳಿದ್ದ ಅನಾಥಾಲಯದ ಹೆಸರು ಅದರಲ್ಲಿಲ್ಲ. ಆದರೂ ಸಂತೆಯ ಬಾಗಿಲು, ಬೆಳಗಿನ ಜಾವ ಎಂಬ ಮಾತುಗಳನ್ನು ಅಂದಿನಿಂದ ಮೊದಲಿನಂತೆ ಓದಲಾಗುತ್ತಿಲ್ಲ ಎಂದರು. ಈ ಸಲ ಅವರು ಆ ಸಂತೆಯ ಬಾಗಿಲಿಗೂ ಹೋಗಿ ಬಂದಿದ್ದರು. ಅಲ್ಲಿ ಈಗ ಮೊಬೈಲ್ ಅಂಗಡಿಗಳಿವೆ. ಹುಡುಗಿ ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತಿದ್ದಳಂತೆ. "ಎಲ್ಲರೂ ನನ್ನನ್ನು ಅದೃಷ್ಟವಂತೆ ಎನ್ನುತ್ತಾರೆ. ನನ್ನ ಗೆಳತಿಯರಿಗೆ, ನೀನು ನಿನ್ನ ಅಪ್ಪ ಅಮ್ಮನ ಬಳಿ ಇರುವುದು ಅದೃಷ್ಟ ಎಂದು ಯಾರೂ ಹೇಳುವುದಿಲ್ಲ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ತಾಯಿ ಅವಳ ಜಡೆಯನ್ನು ನೇವರಿಸಿದಾಗ ಕತ್ತು ಕೊಂಕಿಸಿ ನಕ್ಕಳು.

ನಾವು ಏಳು ವರ್ಷದವರಿದ್ದಾಗ ನಮ್ಮ ತಾಯಿ ನಮ್ಮನ್ನು ಮಠದ ಪ್ರಸಾದ ನಿಲಯದಲ್ಲಿ ಬಿಟ್ಟು ಹೋದರು. ಬರಗಾಲದ ವರ್ಷ. ಹಾಗೆ ಬಂದ ಹುಡುಗರು ಅಲ್ಲಿ ಎಷ್ಟೋ ಮಂದಿ ಇದ್ದೆವು. ಆದರೆ ನಮ್ಮ ತಾಯಿ ಶ್ರಾವಣಕ್ಕೊಮ್ಮೆ, ಜಾತ್ರೆಗೊಮ್ಮೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು; ಮಠದ ಬಾಗಿಲಿನಲ್ಲಿ ಕುಳಿತು ಸೆರಗಿನಿಂದ ನಮ್ಮ ಮುಖ ಒರೆಸುತ್ತಿದ್ದರು. ಬಿಟ್ಟು ಹೋದ ಕಾರಣವನ್ನು ಅವರ ಬಾಯಿಂದಲೇ ಕೇಳಿದ್ದೇವೆ. ಹುನಾನಿನ ತಾಯಿಗೆ ಆ ಹಕ್ಕಿಲ್ಲ. ಮಗುವನ್ನು ತ್ಯಜಿಸುವುದು ಅಲ್ಲಿ ಶಿಕ್ಷಾರ್ಹ ಅಪರಾಧವಾದ್ದರಿಂದ ಆಕೆ ಹೆಸರು ಬರೆದಿಡುವಂತಿಲ್ಲ, ಮುಂದೆ ಬಂದು ಕೇಳುವಂತಿಲ್ಲ. ಎಷ್ಟೋ ತಾಯಂದಿರು ಹುಟ್ಟಿದ ದಿನ ಗಳಿಗೆಗಳನ್ನು ಕೆಂಪು ಕಾಗದದ ಚೂರಿನಲ್ಲಿ ಬರೆದು ಬಟ್ಟೆಯೊಳಗೆ ಸಿಕ್ಕಿಸಿ, ಯಾರಾದರೂ ಎತ್ತಿಕೊಳ್ಳುವ ತನಕ ಮರೆಯಲ್ಲಿ ನಿಂತು ನೋಡುತ್ತಿದ್ದರು. ದತ್ತು ಕೊಡುವ ಮುನ್ನ ಪ್ರಾಂತದ ಪತ್ರಿಕೆಯಲ್ಲಿ ಮಗುವಿನ ಚಿತ್ರ ಪ್ರಕಟಿಸಿ, ವಾರಸುದಾರರು 60 ದಿನಗಳೊಳಗೆ ಬರಬೇಕೆಂದು ಪ್ರಕಟಣೆ ಕೊಡುವ ನಿಯಮವೂ ಇತ್ತು. ಬಂದರೆ ದಂಡ, ಸೆರೆಯ ಭಯ. ಓದು ಬಾರದವರ ಪಾಡಂತೂ ಕೇಳುವುದೇ ಬೇಡ. ಮಿನೆಸೋಟಾದ ತಾಯಿಯ ಒಳ್ಳೆಯತನಕ್ಕೆ ಎರಡು ದೇಶದ ಮುದ್ರೆ ಬಿದ್ದ ಎರಡು ಅಂಗುಲ ದಪ್ಪದ ಕಾಗದದ ಕಟ್ಟು ಸಾಕ್ಷಿಯಿದೆ. ಹೆತ್ತ ತಾಯಿಯ ವಿಷಯದಲ್ಲಿ ಎರಡು ಸರಕಾರಗಳ ಬಳಿಯೂ ಒಂದು ಸಾಲಿಲ್ಲ. ಇದು ನಮಗೆ ಬಹಳ ದೊಡ್ಡ ಅನ್ಯಾಯವಾಗಿ ತೋರುತ್ತದೆ.

ನಮ್ಮ ದೇಶವೂ ಪರದೇಶದವರಿಗೆ ದತ್ತು ನೀಡುವ ದೇಶಗಳಲ್ಲೊಂದು. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ಭಾವಿಸಿ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ನೀಡಿದ ತೀರ್ಪೇ ನಮ್ಮಲ್ಲಿನ ನಿಯಮಗಳಿಗೆ ಅಡಿಗಲ್ಲು. ಮೊದಲು ದೇಶದೊಳಗೆ ಮನೆ ಹುಡುಕಬೇಕು, ಅನಂತರವೇ ಹೊರದೇಶ ಎಂಬುದು ಅದರ ಸಾರ. ನೆರೆಯ ತಮಿಳುನಾಡಿನಲ್ಲಿ 1992ರಲ್ಲಿ ಸರಕಾರವೇ ತೊಟ್ಟಿಲುಗಳನ್ನಿಟ್ಟು, ಬೇಡವಾದ ಹೆಣ್ಣುಕೂಸನ್ನು ಕೊಲ್ಲದೆ ಇದರಲ್ಲಿ ಬಿಡಿರಿ ಎಂದು ತಾಯಂದಿರನ್ನು ಬೇಡಿಕೊಂಡಿತು. ಅಂಥದೇ ಒಂದು ಪ್ರಯೋಗ ಈ ಗ್ವಾಂಗ್‌ಝೌದಲ್ಲೂ ನಡೆಯಿತು. 2014ರ ಜನವರಿಯ ಕೊನೆಯಲ್ಲಿ ಮಕ್ಕಳ ಆಶ್ರಯಧಾಮದ ಬಳಿ ಒಂದು ಚಿಕ್ಕ ಕೋಣೆ ಕಟ್ಟಿ, ಒಳಗೆ ಹಾಸಿಗೆ ಇಟ್ಟು, ಬಿಟ್ಟವರನ್ನು ಯಾರೂ ಹಿಡಿಯುವುದಿಲ್ಲವೆಂದು ಸಾರಿದರು. ಎರಡು ತಿಂಗಳು ತುಂಬುವ ಮೊದಲೇ 262 ಮಕ್ಕಳು ಬಂದು ಬಿದ್ದವು. ಜಾಗ ಸಾಲದೆ ಮಾರ್ಚಿಯಲ್ಲಿ ಮುಚ್ಚಬೇಕಾಯಿತು. ಆ ಮಕ್ಕಳೆಲ್ಲ ರೋಗಪೀಡಿತರು ಅಥವಾ ಅಂಗವಿಕಲರು. ಹೆಣ್ಣೆಂಬ ಕಾರಣಕ್ಕಿಂತ ಚಿಕಿತ್ಸೆಯ ಖರ್ಚೇ ಆ ಹೊತ್ತಿಗೆ ಮುಖ್ಯ ಕಾರಣವಾಗಿತ್ತು. ಪರದೇಶಕ್ಕೆ ದತ್ತು ಹೋಗುವವರಲ್ಲೂ ಅಷ್ಟರಲ್ಲಿ ಇಂಥ ಮಕ್ಕಳದೇ ದೊಡ್ಡ ಪಾಲು, ಗಂಡುಮಕ್ಕಳೂ ಸೇರಿ. ಒಂದೇ ಮಗುವಿನ ನಿಯಮ 2016ರ ಜನವರಿ 1ರಿಂದ ರದ್ದಾಯಿತು.

2020ರಲ್ಲಿ ಕೊರೋನಾ ಬಂದು ದತ್ತು ಪ್ರಯಾಣ ನಿಂತಿತು. 2024ರ ಸೆಪ್ಟೆಂಬರಿನಲ್ಲಿ ಚೀನಾ ಸರಕಾರ, ಹತ್ತಿರದ ರಕ್ತಸಂಬಂಧಿಗಳ ಮಕ್ಕಳನ್ನೂ ಮಲಮಕ್ಕಳನ್ನೂ ಬಿಟ್ಟು ಇನ್ನು ಯಾವ ಮಗುವನ್ನೂ ಪರದೇಶಕ್ಕೆ ದತ್ತು ಕೊಡುವುದಿಲ್ಲವೆಂದು ಪ್ರಕಟಿಸಿತು. ಅಮೆರಿಕದ ವಿದೇಶಾಂಗ ಇಲಾಖೆಯ ಲೆಕ್ಕದಲ್ಲಿ 1999ರಿಂದ ಅಲ್ಲಿಗೆ ಹೋದ ಚೀನೀ ಮಕ್ಕಳು 82,000ಕ್ಕೂ ಹೆಚ್ಚು. ಚಿತ್ರ ಕೈಗೆ ಬಂದು, ಮಗುವಿನ ಹೆಸರೂ ನಿಶ್ಚಯವಾಗಿ, ನಾಲ್ಕು ವರ್ಷ ಬಾಗಿಲು ಕಾಯುತ್ತಿದ್ದ ನೂರಾರು ದಂಪತಿಗಳು ಹಾಗೆಯೇ ಉಳಿದರು. ಆ ಮಕ್ಕಳೂ ತಮಗಾಗಿ ಯಾರೋ ಬರುತ್ತಾರೆಂದು ಕೇಳಿಕೊಂಡೇ ದೊಡ್ಡವರಾಗಿದ್ದರು. ಪದ್ಧತಿ ನಿಂತದ್ದು ಸರಿಯೋ ತಪ್ಪೋ ಎಂದು ವಾದಿಸಬಹುದು. ಕೊಟ್ಟ ಮಾತಿನ ಮಕ್ಕಳನ್ನಾದರೂ ಕಳುಹಿಸಬೇಕಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

ಆ ಶಿಕ್ಷಕರು ಸಂಕ್ರಾಂತಿಯ ಹೊತ್ತಿಗೆ ನಮಗೆ ವರ್ಷಕ್ಕೊಂದು ಪತ್ರ ಬರೆಯುತ್ತಾರೆ. ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ, ಚೀನೀ ಭಾಷೆ ಅಭ್ಯಾಸ ಮಾಡುತ್ತಿದ್ದಾಳೆ. ಕೆಂಪು ಸೋಫಾದ ಮೇಲೆ ಕುಳಿತಿದ್ದ ಹತ್ತು ಮಂದಿಯೂ ಎರಡು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಾರೆ; ತಮ್ಮನ್ನು ಅಕ್ಕತಂಗಿಯರೆಂದೇ ಕರೆದುಕೊಳ್ಳುತ್ತಾರೆ. ಅವರಲ್ಲಿ ಆರು ಮಂದಿ ಎಂಜಲಿನ ಮಾದರಿಯನ್ನು ಕೊಟ್ಟು ತಮ್ಮ ವಂಶವಾಹಿಯ ವಿವರಗಳನ್ನು ದಾಖಲಿಸಿದ್ದಾರೆ. ಹುನಾನಿನ ಹಳ್ಳಿಗಳಲ್ಲಿ ವಯಸ್ಸಾದ ತಾಯ್ತಂದೆಯರು ಸ್ವಯಂಸೇವಕರ ಕೈಯಲ್ಲಿ ಅಂಥದೇ ಮಾದರಿಗಳನ್ನು ಕೊಡುತ್ತಿದ್ದಾರೆ. ಕಳೆದ ಪತ್ರದ ಪ್ರಕಾರ, ಆರರಲ್ಲಿ ಒಬ್ಬಳಿಗೆ ಹೆತ್ತವರೂ ಒಬ್ಬ ತಮ್ಮನೂ ದೊರೆತಿದ್ದಾರೆ. ನಮ್ಮ ಚಕ್ಕುಲಿಯ ಹುಡುಗಿಗೆ ಈವರೆಗೆ ಸಿಕ್ಕಿರುವುದು ಗ್ವಾಂಗ್‌ಡಾಂಗಿನ ಕಡೆಯ ದೂರದ ಒಬ್ಬ ಸೋದರಸಂಬಂಧಿ ಮಾತ್ರ. ಹುನಾನಿನವರು ಯಾರೂ ಅಲ್ಲ.